ಮಾವ ನುಣುಪು ಮಾಡಿದ ಪಾತಿ

ನಲವತ್ತು ವರ್ಷ ಗಾರೆ ಕೆಲಸ ಮಾಡಿದ ಮೇಸ್ತ್ರಿಗೆ ಮಂಡಿ ಕೈಕೊಟ್ಟ ಮೇಲೆ ಮನೆಯಲ್ಲಿ ಸುಮ್ಮನೆ ಕೂರುವುದೇ ದೊಡ್ಡ ಕೆಲಸವಾಯಿತು. ಕಿಟಕಿಯ ಅಂಚು ಸವರಿ, "ಯಾವನಪ್ಪ ಮಾಡಿದ್ದು, ಒಂದು ನೂಲು ಸೊಟ್ಟ," ಎಂದು ಗೊಣಗುತ್ತಿದ್ದರು. ಮಾಡಿದ್ದು ಅವರೇ. ಸೊಸೆ ಅದನ್ನು ನೆನಪಿಸುತ್ತಿರಲಿಲ್ಲ.

ಸೊಸೆ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮನೆ ಕಟ್ಟುವಾಗ ಇಟ್ಟಿಗೆ ಲಾರಿ ನಿಲ್ಲುತ್ತಿದ್ದ ಹಿತ್ತಲ ಜಾಗದಲ್ಲಿ ಪಾತಿ ಮಾಡಿ ಹುರುಳಿಕಾಯಿ ಬೀಜ ಹಾಕಿದಳು. ಹತ್ತು ದಿನವಾದರೂ ಒಂದೂ ತಲೆ ಎತ್ತಲಿಲ್ಲ. ಇನ್ನೊಮ್ಮೆ ಹಾಕಿದಳು. ಮತ್ತೆ ಅದೇ ಕಥೆ. ಸಂಜೆ ನೋಡಿದಾಗ ಪಾತಿ ನುಣ್ಣಗಿರುತ್ತಿತ್ತು; ನೀರಿಗೆ ಮಣ್ಣು ಕೂತಿದೆ ಎಂದುಕೊಂಡಿದ್ದಳು.

"ಬೀಜದಂಗಡಿಯವನು ಹಳೇ ಬೀಜ ಕೊಟ್ಟು ನಿಂಗೆ ಟೋಪಿ ಹಾಕಿದ್ದಾನೆ," ಎಂದರು ಮಾವ.

ಮೂರನೇ ಸಲ ಬೀಜ ಹಾಕಿದ ವಾರ ಅವಳಿಗೆ ಒಂದು ದಿನ ರಜೆ ಸಿಕ್ಕಿತು. ಬಟ್ಟೆ ಒಣಹಾಕಲು ಹೋದವಳು ಹಿತ್ತಲಲ್ಲೇ ನಿಂತುಬಿಟ್ಟಳು. ಮಾವ ನೋಯುವ ಮಂಡಿಯನ್ನು ಗೋಣಿಯ ಮೇಲೂರಿ, ಗಾರೆ ಬಳಿಯುವ ಕರಣೆಯನ್ನು ಒದ್ದೆ ಮಾಡಿಕೊಂಡು ಪಾತಿಯನ್ನು ನೆಲ ಸಾರಣೆ ಮಾಡಿದ ಹಾಗೆ ನುಣ್ಣಗೆ ಎಳೆಯುತ್ತಿದ್ದರು.

"ಮಾವ! ಏನ್ ಮಾಡ್ತಿದ್ದೀರಿ?"

"ದಿನಾ ಮಾಡ್ತೀನಮ್ಮ. ನೀನು ಹೆಂಟೆಹೆಂಟೆಯಾಗಿ ಬಿಟ್ಟು ಹೋಗ್ತೀಯ. ಸಂಜೆ ಬಂದಾಗ ನಿನ್ನ ಕಣ್ಣಿಗೆ ಚೆನ್ನಾಗಿ ಕಾಣ್ಲಿ ಅಂತ."

ಅವಳು ಪಕ್ಕದಲ್ಲಿ ಕೂತಳು. ಒಣಗಿದ್ದ ಅಂಚಿನಲ್ಲಿ ಬೆರಳು ತೂರಿಸಿ ಎತ್ತಿದರೆ ಮೇಲಿನ ಮಣ್ಣು ಹಪ್ಪಳದಂತೆ ಎದ್ದು ಬಂತು. ಅದರಡಿ ಬಿಳಿಚಿಕೊಂಡ ಮೊಳಕೆಗಳು. ಕೆಲವು ಸುರುಳಿ ಸುತ್ತಿದ್ದವು, ಕೆಲವಕ್ಕೆ ಕತ್ತೇ ಮುರಿದಿತ್ತು. ಮೇಸ್ತ್ರಿ ಒಂದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಪಾಪ, ಮೇಲೆ ಬರೋಕೆ ಒದ್ದಾಡಿವೆ. ನಾನು ಬಾಗಿಲಿಗೆ ಚಿಲಕ ಹಾಕ್ತಾ ಕೂತಿದ್ದೆ."

"ನಿಮ್ಮೊಬ್ಬರದೇ ತಪ್ಪಲ್ಲ ಮಾವ. ಈ ಮಣ್ಣೇ ಹಾಗೆ. ನೆನೆದ್ರೆ ಅಂಟು, ಒಣಗಿದ್ರೆ ಕಲ್ಲು."

"ಹಾಗಾದ್ರೆ ಕಲಸೋದು ಹೇಗೆ? ಸಿಮೆಂಟಿಗೆ ಮರಳು ಹಾಕೋ ಹಾಗೆ ಒಂದಕ್ಕೆ ಎಷ್ಟು ಹಾಕ್ಬೇಕು ಹೇಳು."

ಸೊಸೆಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು.

ಮರುದಿನದಿಂದ ಇಬ್ಬರೂ ಪಾತಿಗಿಳಿದರು. ಹಿಡಿಯಲ್ಲಿ ಅದುಮಿದ ಮಣ್ಣು ಮುದ್ದೆಯಾಗದೆ ಪುಡಿಯಾಗುವಷ್ಟು ಆರಿದ ಮೇಲೆಯೇ ಅಗೆದರು. ಕೊಳೆತ ಎಲೆ, ಹಳೆಯ ಗೊಬ್ಬರ ಬೆರೆಸಿದರು. ಮರಳು ಜರಡಿ ಅಟ್ಟದಿಂದ ಇಳಿಯಿತು. ಬೀಜದ ಮೇಲೆ ಜಿಗುಟು ಮಣ್ಣಿನ ಬದಲು ಜರಡಿ ಹಿಡಿದ ಗೊಬ್ಬರ, ಅದರ ಮೇಲೆ ತೆಳ್ಳಗೆ ಒಣಹುಲ್ಲು. ನೀರು ನೆಲಕ್ಕೆ ಬಡಿಯದಿರಲೆಂದು ಮಾವ ಹಳೆಯ ಡಬ್ಬಿಗೆ ಸಣ್ಣ ತೂತು ಕೊರೆದರು.

ಬೀಜ ಹಾಕಿದ ಸಂಜೆ ಕರಣೆಯನ್ನು ತೊಳೆದು ಸೊಸೆಯ ಕೈಗಿಟ್ಟರು. "ನಿನ್ನ ಹತ್ರಾನೇ ಇರ್ಲಿ. ಈ ಕೈಯನ್ನ ನಂಬೋ ಹಾಗಿಲ್ಲ." ಅವಳು ಅದನ್ನು ಊಟದ ಡಬ್ಬಿಯ ಜೊತೆ ಚೀಲದಲ್ಲಿಟ್ಟುಕೊಂಡು ದಿನಾ ಕೆಲಸಕ್ಕೆ ಹೋದಳು.

ಏಳನೇ ದಿನ ಅಂಗಡಿಗೆ ಫೋನ್ ಬಂತು.

"ಬಂದ್ರು!"

"ಯಾರು ಬಂದ್ರು ಮಾವ?"

"ಹದಿನೇಳು ಜನ! ತಲೆ ಬಗ್ಗಿಸಿಕೊಂಡು ಬಂದು ಈಗ ನೆಟ್ಟಗಾಗ್ತಿದ್ದಾರೆ. ಬೇಗ ಬಾ."

ಅವಳು ಮಾಲೀಕರನ್ನು ಕೇಳಿಕೊಂಡು ಅರ್ಧ ಗಂಟೆ ಮೊದಲೇ ಹೊರಟಳು. ಮಾವ ಗೇಟಿನಲ್ಲೇ ಕಾಯುತ್ತಿದ್ದರು. ಚೀಲ ಇಳಿಸಲೂ ಬಿಡದೆ ಹಿತ್ತಲಿಗೆ ಕರೆದುಕೊಂಡು ಹೋಗಿ, "ಮೆಲ್ಲಗೆ ಬಾ, ಅಂಚಿನ ಮಣ್ಣು ತುಳಿದೀಯ," ಎಂದು ಅವಳಿಗೇ ಪಾಠ ಹೇಳಿದರು.