ತಟ್ಟೆ ಬಡಿಯುವವರೆಗೆ

“ಚಪ್ಪಲಿ ಕಾಯೋ ಯೋಗ್ಯತೇನೂ ಇಲ್ವಲ್ಲೋ ನಿನಗೆ, ಬೋಳಿಮಗನೆ!”

ಸುಬ್ಬು ಸಾರ್ ಪಂಚೆ ಎತ್ತಿ ಕಟ್ಟಿಕೊಂಡು ತಮ್ಮ ಹಿಲ್ಸ್‌ಬರೋ ಮನೆಯ ಗರಾಜಿನಲ್ಲಿ ನಿಂತು ಬೈಯುತ್ತಿದ್ದರು. ಒಳಗೆ ಸತ್ಯನಾರಾಯಣ ಪೂಜೆ. ಬಂದವರ ಶೂ ಕಾಯಲು ನನ್ನನ್ನು ನಿಲ್ಲಿಸಿದ್ದರು; ಯಾರದೋ ಒಂದು ಕಾಲಿನ ಶೂ ಕಾಣೆಯಾಗಿತ್ತು. ನಾನು ಪ್ರೋಗ್ರಾಮರ್. ಎರಡು ಸಾವಿರನೇ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ತಾರೀಖು ಮರೆತುಬಿಡುತ್ತವೆ, ಅಮೆರಿಕವೇ ನಿಂತುಹೋಗುತ್ತದೆ, ಬಂದು ಕಾಪಾಡು ಎಂದು ತಮ್ಮ ಕಂಪನಿಯ ವೀಸಾದ ಮೇಲೆ ಕರೆಸಿಕೊಂಡಿದ್ದರು. ಪ್ರಾಜೆಕ್ಟ್ ಸಿಗಲಿಲ್ಲ. ಅಮೆರಿಕದ ಬದಲು ಶೂ ಕಾಪಾಡುತ್ತಿದ್ದೆ. ಮೊದಲ ದಿನವೇ ಅವರು ಶಹಬ್ಬಾಸ್ ಎಂದು ನನ್ನ ಬೆನ್ನು ಸವರಿ, ಅಂಗಿಯಡಿ ಜನಿವಾರ ಉಂಟೋ ಇಲ್ಲವೋ ನೋಡಿಕೊಂಡಿದ್ದರು. ಅಂದಿನಿಂದ ಅವರ ಮನೆಯಲ್ಲಿ ನನಗೆ ಊಟ ಗರಾಜಿನಲ್ಲೇ.

“ಹೋಗ್ಲಿ ಬಿಡು, ಕೇಳು,” ಅಂದರು. “ಸಂಡೇ ಕಂಪನಿ ಪಿಕ್ನಿಕ್. ಬ್ರಿಡ್ಜ್‌ವಾಟರಿಂದ ಕ್ಲೈಂಟ್ ಟೋನಿ ಬರ್ತಾನೆ. ಇಂಡಿಯನ್ ಕುಸ್ತಿ ತೋರಿಸ್ತೀನಿ ಅಂತ ಪ್ರಾಮಿಸ್ ಮಾಡಿದೀನಿ. ನಿಮ್ಮಪ್ಪ ಪೈಲ್ವಾನ್ ಅಂತೆ?”

“ಹೌದ್ರಿ ಸರ. ನನಗೂ ಅವನೇ ಕಲಿಸ್ಯಾನ್ರಿ.”

“ಗುಡ್. ನನ್ ಜೊತೆ ಹಿಡಿ, ಸೋಲು. ಆದ್ರೆ ಸುಮ್ನೆ ಬೀಳ್ಬೇಡ, ಟೋನಿಗೆ ಡೌಟ್ ಬರುತ್ತೆ. ನೀಟಾಗಿ ಸೋತ್ರೆ ಪ್ರಾಜೆಕ್ಟ್ ನಿಂದು. ಇಲ್ಲಾಂದ್ರೆ ವೀಸಾ ಕ್ಯಾನ್ಸಲ್. ಊರಿಗೆ ಹೋಗಿ ನಿಮ್ಮ ಎಮ್ಮೆ ಕಾಯಿ.”

ನಮಗೆ ಎಮ್ಮೆಯೂ ಇರಲಿಲ್ಲ.

ಸೋಲುವುದನ್ನು ಕಲಿಸಿದವರು ಹರ್ಶೆಲ್ ಅಂಕಲ್. ಕೆಲಸವಿಲ್ಲದವರನ್ನೆಲ್ಲ ಸುಬ್ಬು ಸಾರ್ ಒಂದೇ ಅಪಾರ್ಟ್‌ಮೆಂಟಿನಲ್ಲಿ ತುಂಬಿದ್ದರು. ಅದರ ಕೆಳಗಿನ ಮನೆಯಲ್ಲಿದ್ದ ಯಹೂದಿ ಮುದುಕ ಅವರು, ಪೋಲೆಂಡಿನವರು. ಲಾಂಡ್ರಿ ಕೋಣೆಯಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಅವರ ಕಿವಿಗಳು. ಜಜ್ಜಿ ಮುದುಡಿಹೋಗಿದ್ದವು, ಥೇಟ್ ನಮ್ಮಪ್ಪನ ಕಿವಿಗಳು. ಕುಸ್ತಿ ಹಿಡಿದೂ ಹಿಡಿದೂ ಆಗುವ ಕಿವಿ ಅದು. ಕೇಳಿಯೇ ಬಿಟ್ಟೆ.

“ನಮ್ಮೂರ ಕ್ಲಬ್ಬಿನಲ್ಲಿ ನಾನು ಗೆದ್ದ ಕಪ್ಪಿತ್ತು,” ಎಂದರು, ತಮ್ಮ ಪೋಲಿಷ್ ಇಂಗ್ಲಿಷಿನಲ್ಲಿ. “ಜರ್ಮನ್ನರು ಬಂದ ಮೇಲೆ ನನ್ನನ್ನು ಆಚೆ ಹಾಕಿ, ಕಪ್ಪನ್ನು ಒಳಗೇ ಇಟ್ಟುಕೊಂಡರು. ಬೆಳ್ಳಿಯದು ನೋಡು, ಅದು ಯಹೂದಿಯಾಗಿರಲಿಲ್ಲ.”

ಆಮೇಲೆ ಯಹೂದಿಗಳನ್ನು ಕೂಡಿಹಾಕುವ ನಾಜಿ ಕ್ಯಾಂಪು. ಅಲ್ಲಿನ ಅಧಿಕಾರಿಗೆ ಕುಸ್ತಿಯ ಹುಚ್ಚು. ಆದರೆ ಯಹೂದಿಯನ್ನು ಮುಟ್ಟುವುದು ಹೇಗೆ? ಅದಕ್ಕೆ ಅವನು ಉಪಾಯ ಕಂಡುಕೊಂಡಿದ್ದ. ಭಾನುವಾರ ಎಲ್ಲರನ್ನೂ ನಿಲ್ಲಿಸಿ, ಇವರನ್ನು ತೋರಿಸಿ ಘೋಷಿಸುತ್ತಿದ್ದ: ಗಂಟೆ ಹೊಡೆಯುವವರೆಗೆ ಈ ಮನುಷ್ಯ ಯಹೂದಿಯಲ್ಲ.

“ಹೊಡೆದ ಮೇಲೆ?”

“ಮತ್ತೆ ಯಹೂದಿ. ಅಧಿಕಾರಿ ಸೋಪು ಹಚ್ಚಿ ಕೈ ತೊಳೆಯುತ್ತಿದ್ದ. ಚೆನ್ನಾಗಿ ಸೋತದ್ದಕ್ಕೆ ನನಗೊಂದು ತುಂಡು ಬ್ರೆಡ್ಡು.”

ನನಗೆ ನಗು ಬಂತು, ಹಿಂದೆಯೇ ಅಪ್ಪ ನೆನಪಾದ. ನಮ್ಮಪ್ಪನ ಜೊತೆ ಕುಸ್ತಿ ಹಿಡಿದ ಗೌಡರ ಮಗ ಮನೆಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಿದ್ದ. ಅದನ್ನೂ, ಸುಬ್ಬು ಸಾರ್ ಹಾಕಿದ ಷರತ್ತನ್ನೂ ಹೇಳಿದೆ. ಹರ್ಶೆಲ್ ಅಂಕಲ್ ಅರ್ಥವಾದವರಂತೆ ತಲೆಯಾಡಿಸಿದರು.

“ಗೆದ್ದಿದ್ದರೆ ಏನಾಗ್ತಿತ್ತು ಅಂಕಲ್?”

“ನನ್ನ ತಮ್ಮ ಗೆದ್ದ. ಅವತ್ತು ನನ್ನ ಪಕ್ಕೆಲುಬು ಮುರಿದಿತ್ತು, ನನ್ನ ಬದಲು ಅವನು ಇಳಿದ. ಅಧಿಕಾರಿಯ ಎದೆಯ ಮೇಲೆ ಕೂತು ನನ್ನತ್ತ ನೋಡಿ ನಕ್ಕ. ಗಂಟೆ ನನ್ನ ಕೈಯಲ್ಲಿತ್ತು. ಹೊಡಿ ಅಂದರು. ಹೊಡೆದೆ.” ಡ್ರೈಯರಿನಿಂದ ಬಟ್ಟೆ ತೆಗೆಯತೊಡಗಿದರು. “ಅವನು ಮತ್ತೆ ಯಹೂದಿಯಾದ. ಅಲ್ಲೇ ಗುಂಡಿಟ್ಟರು.”

ಆಮೇಲೆ ಅದೇ ಲಾಂಡ್ರಿ ಕೋಣೆಯ ನೆಲದ ಮೇಲೆ ಸೋಲು ಕಲಿಸಿದರು. ಹೇಗೆ ಏದುಸಿರು ಬಿಡಬೇಕು, ಮಂಡಿ ಯಾವಾಗ ಜಾರಿಸಬೇಕು, ಗೆಲ್ಲುವವನಿಗೆ ತಾನೇ ಗೆದ್ದೆ ಅನಿಸುವ ಹಾಗೆ ಹೇಗೆ ಬೀಳಬೇಕು. “ಪ್ರಾಜೆಕ್ಟ್ ತಗೋ, ಬದುಕು,” ಎಂದರು.

ಭಾನುವಾರ ಪಾರ್ಕಿಗೆ ನನ್ನ ಜೊತೆ ಅವರೂ ಬಂದರು. ಸುಬ್ಬು ಸಾರ್ ಜಾಗಿಂಗ್ ಪ್ಯಾಂಟಿನ ಮೇಲೆ ಕೆಂಪು ಲಂಗೋಟಿ ಬಿಗಿದು ಮೈಗೆ ಬೇಬಿ ಆಯಿಲ್ ಹಚ್ಚಿಕೊಂಡಿದ್ದರು. ಹರ್ಶೆಲ್ ಅಂಕಲ್‌ರನ್ನು ನೋಡಿ ಸುಬ್ಬು ಸಾರ್ ಹಿಗ್ಗಿಹೋದರು.

“ವೈಟ್ ರೆಫರಿ! ಪರ್ಫೆಕ್ಟ್!” ಎಂದು ಒಂದು ಸ್ಟೀಲ್ ತಟ್ಟೆ, ಒಂದು ಸೌಟು ತಂದು ಅವರ ಕೈಗಿತ್ತರು. “ಇದೇ ಬೆಲ್ಲು. ಯಾರ ಬೆನ್ನಾದ್ರೂ ನೆಲಕ್ಕೆ ಬಿದ್ರೆ ಬಡೀರಿ.”

ಆಮೇಲೆ ಟೋನಿಗೆ ಕೇಳುವಂತೆ ಇಂಗ್ಲಿಷಿನಲ್ಲಿ ಘೋಷಿಸಿದರು, ನಮಗಾಗಿ ಕನ್ನಡದಲ್ಲೂ. “ಕುಸ್ತೀಲಿ ಎಲ್ರೂ ಈಕ್ವಲ್! ತಟ್ಟೆ ಬಡಿಯೋವರ್ಗೂ ನಾನು ಬಾಸ್ ಅಲ್ಲ, ಇವನು ಎಂಪ್ಲಾಯೀ ಅಲ್ಲ!”

ಎಲ್ಲರೂ ಚಪ್ಪಾಳೆ ತಟ್ಟಿದರು. ಹರ್ಶೆಲ್ ಅಂಕಲ್ ಮುಖ ಮಾತ್ರ ಬಿಳಿಚಿಕೊಂಡಿತ್ತು.

ನಾನು ಕಲಿತದ್ದನ್ನು ಮಾಡಿದೆ. ಏದುಸಿರು ಬಿಟ್ಟೆ, ಜಾರಿದೆ, ಎದ್ದೆ. ಬೀಳುವ ಹೊತ್ತು ಬಂತು. ಸುಬ್ಬು ಸಾರ್ ನನ್ನ ಕತ್ತು ಹಿಡಿದು, ಟೋನಿಯತ್ತ ನಗುತ್ತಲೇ ಕಿವಿಯಲ್ಲಿ ಹೇಳಿದರು. “ಬೀಳೋ, ಕೀಳ್‌ಜಾತಿ ನನ್ಮಗನೆ!”

ತಟ್ಟೆ ಇನ್ನೂ ಬಡಿದಿರಲಿಲ್ಲ. ನನ್ನ ಜಾತಿ ತೆಗೆಯಲು ಅವರು ಅಷ್ಟು ಹೊತ್ತೂ ಕಾಯಲಿಲ್ಲ. ತೋಳು ಹಿಡಿದು ಹೆಗಲ ಮೇಲೆಳೆದು ಎತ್ತಿ ಒಗೆದೆ. ದೊಪ್ಪನೆ ಅಂಗಾತ ಬಿದ್ದರು. ಎದೆಯ ಮೇಲೆ ಕೂತೆ.

“ಏಳೋ ಹಲ್ಕಟ್! ನಿನ್ನ ವೀಸಾ...”

“ಯಾವ ವೀಸಾರಿ? ತಟ್ಟಿ ಬಡಿಯೂತನಕ ನೀವು ಬಾಸ್ ಅಲ್ಲಲ್ರಿ.”

ಟೋನಿ ಇದೂ ಆಟದ ಭಾಗವೆಂದುಕೊಂಡು ಶಿಳ್ಳೆ ಹೊಡೆಯುತ್ತಿದ್ದ. ಸುಬ್ಬು ಸಾರ್ ನನ್ನ ಕೆಳಗಿನಿಂದಲೇ ಕಿರುಚಿದರು. “ಅಂಕಲ್, ಹಿಟ್ ದ ಪ್ಲೇಟ್! ಹಿಟ್ ಇಟ್!”

ಎಲ್ಲರೂ ಹರ್ಶೆಲ್ ಅಂಕಲ್ ಕಡೆ ತಿರುಗಿದರು. ಅವರು ನನ್ನನ್ನೇ ನೋಡುತ್ತಿದ್ದರು. ನನಗೇಕೋ ನಗು ಬಂತು, ನಕ್ಕೆ. ಅವರು ಮಡಚುವ ಕುರ್ಚಿಯಿಂದ ಮೆಲ್ಲಗೆ ಎದ್ದು ಊಟದ ಟೇಬಲ್ಲಿಗೆ ಹೋದರು. ನನ್ನ ರೂಮಿನ ಅಮರೇಶ್ವರನನ್ನು ಸುಬ್ಬು ಸಾರ್ ಅಲ್ಲಿ ಬಡಿಸಲು ನಿಲ್ಲಿಸಿದ್ದರು. ಅವನ ಮುಂದೆ ತಟ್ಟೆ ಹಿಡಿದು, ಕೈಯಲ್ಲಿದ್ದ ಸೌಟಿನಿಂದ ತಾವೇ ಬಿಸಿಬೇಳೆಬಾತ್ ಹಾಕಿಕೊಂಡರು. ಸೌಟನ್ನು ಅವನಿಗೆ ಕೊಟ್ಟು, ಕುರ್ಚಿಗೆ ಮರಳಿ, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ತಿನ್ನತೊಡಗಿದರು.

ತಟ್ಟೆ ಖಾಲಿಯಾಗುತ್ತ ಬಂತು; ನಾನಿನ್ನೂ ಸುಬ್ಬು ಸಾರ್ ಎದೆಯ ಮೇಲೆಯೇ ಕೂತಿದ್ದೆ. ಅಮರೇಶ್ವರ ಯಾರನ್ನೂ ಕೇಳದೆ ಹೋಗಿ ಇನ್ನೊಂದು ಸೌಟು ಬಡಿಸಿದ.