ಮುಖಕ್ಕೆ ಅರಿಷಿಣ ಹಚ್ಚದ ಮನೆ

ಗುರುಬಸಪ್ಪ ತೀರಿಹೋದ ಅಕ್ಕನ ಹಣೆಗೆ ವಿಭೂತಿ ಹಚ್ಚಿ, ಅದೇ ಕೈಯನ್ನು ಪಕ್ಕದ ಪ್ಲಾಸ್ಟರ್ ಮುಖಕ್ಕೂ ಒಯ್ದ. ಮೂರು ಬೆರಳು ಎಳೆಯುವಷ್ಟರಲ್ಲಿ ಸಲಗರೆಯ ಬಾಳಪ್ಪ ಅವನ ಮಣಿಕಟ್ಟು ಹಿಡಿದ.

“ಆ ಮಾರಿಗೆ ಏನೂ ಹಚ್ಚಬ್ಯಾಡ್ರಿ, ಸಾವಕಾರ್ರ.”

ವಿಶ್ರಾಮಬಾಗದ ಅಕ್ಕನ ಮನೆಯ ಅಂಗಳದಲ್ಲಿ ಭಜನೆ ನಿಂತಿತು. ಅಕ್ಕ ಅನುಸೂಯಾಬಾಯಿಯನ್ನು ಪದ್ಧತಿಯಂತೆ ಕೂಡಿಸಿ ಅಲಂಕರಿಸಿದ್ದರು. ಆಕೆ ಸದಾ ಮೇಜಿನ ಮೇಲಿಟ್ಟುಕೊಂಡಿದ್ದ, ಯಾರೋ ಗಂಡಸಿನ ಪ್ಲಾಸ್ಟರ್ ಮುಖದ ನಕಲನ್ನು ಶಿಷ್ಯೆ ಪ್ರಾಜಕ್ತಾ ಪಕ್ಕದಲ್ಲಿಟ್ಟಿದ್ದಳು. ಬಂದವರು ಯಾರೋ ಹಿರಿಯರೆಂದು ತಿಳಿದು ಅದಕ್ಕೂ ಹೂವೇರಿಸಿ ಕೈಮುಗಿದರು. ಅವರನ್ನು ತಿದ್ದಲು ಪ್ರಾಜಕ್ತಾಗೆ ಮನಸ್ಸಾಗಲಿಲ್ಲ.

*

ಇತಿಹಾಸದ ಪ್ರಾಧ್ಯಾಪಕಿ ಅನುಸೂಯಾಬಾಯಿ ಆ ಮುಖವನ್ನು ಮೊದಲು ಕಂಡದ್ದು ಲಂಡನ್ನಿನ ಒಂದು ಮ್ಯೂಸಿಯಮ್ಮಿನಲ್ಲಿ. ಬ್ರಿಟಿಷರ ಕಾಲದಲ್ಲಿ ಜನಾಂಗಗಳನ್ನು ಅಳೆಯುತ್ತ ಬಂದ ಒಬ್ಬ ಸಾಹೇಬ ಮಿರಜ ಸೀಮೆಯವರ ಮುಖದ ಮೇಲೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆದಿದ್ದ. ಕೆಳಗೆ ಚೀಟಿ: ‘ಕುರುಬ, ಮಾದರಿ’. ಹೆಸರು ಕೇಳಿದರೆ, ಮಾದರಿಗೆ ಹೆಸರೇಕೆ ಎಂದು ಅಲ್ಲಿನ ಅಧಿಕಾರಿ ನಕ್ಕನಂತೆ. ಬಾಯಿಯವರ ಮೈಯೆಲ್ಲ ಉರಿದುಹೋಯಿತು. ಆ ಮುಖದ ನಕಲು ಮಾಡಿಸಿಕೊಂಡು ಊರಿಗೆ ಬಂದು ಹಳೆಯ ದಫ್ತರಗಳನ್ನೆಲ್ಲ ಜಾಲಾಡಿದರು. ಉಳಿದ ಮುಖಗಳಿಗೆಲ್ಲ ಹೆಸರು ಸಿಕ್ಕಿತು, ಇವನೊಬ್ಬ ಕೈಗೆ ಸಿಗಲಿಲ್ಲ. ನಾಳೆ ಲಂಡನ್ನಿನಲ್ಲಿ ಆ ಮುಖಗಳ ಹೊಸ ಪ್ರದರ್ಶನ ತೆರೆಯಲಿದೆ. ಎಲ್ಲರೂ ಹೆಸರಿನೊಡನೆ, ಇವನು ಮಾತ್ರ ಮಾದರಿ. ಆಸ್ಪತ್ರೆಯಲ್ಲೂ ಆಕೆಗೆ ಅದೇ ಕೊರಗು.

*

ಬಾಳಪ್ಪ ಗುರುಬಸಪ್ಪನ ಅಡತಿ ಅಂಗಡಿಗೆ ಅರಿಷಿಣ ತಂದು ಹಾಕುವ ರೈತ, ಮಣ್ಣು ಕೊಡಲೆಂದು ಬಂದವನು. ಎಲ್ಲರ ಕಣ್ಣೂ ತನ್ನ ಮೇಲೆ ಬಿದ್ದಾಗ ಸಂಕೋಚದಿಂದ ಹೇಳಿದ: ತಮ್ಮ ಮನೆಯಲ್ಲಿ ಮದುಮಗನಿಗೂ ಅರಿಷಿಣ ಕುತ್ತಿಗೆಯ ತನಕ ಮಾತ್ರ. ಹೊಲದ ತುಂಬ ಅರಿಷಿಣ ಬೆಳೆದು ಮುಖಕ್ಕೆ ಚಿಟಿಕೆ ಹಚ್ಚದವರೆಂದು ಬೀಗರು ಇಂದಿಗೂ ನಗುತ್ತಾರೆ.

“ಯಾಕ್ರಿ ಕಾಕಾ?” ಪ್ರಾಜಕ್ತಾ ಹತ್ತಿರ ಬಂದು ಕೇಳಿದಳು.

“ನಮ್ಮ ಮುತ್ಯಾನ ಅಪ್ಪಗ ಒಬ್ಬ ಸಾಹೇಬ ಮಾರಿ ತುಂಬ ಬಿಳಿ ಕೆಸರು ಮೆತ್ತಿದ್ದನಂತ. ಮೂಗಿನ್ಯಾಗ ಎರಡು ಕೊಳವಿ. ಸತ್ತೇ ಹ್ವಾದೆ ಅಂತ ತಿಳದಿದ್ದನಂತ. ನನ್ನ ವಂಶದಾಗ ಯಾರ ಮಾರಿಗೂ ಏನೂ ಹಚ್ಚಬಾರದು ಅಂತ ಆಣಿ ಹಾಕಿ ಹ್ವಾದ. ಈ ಬಿಳಿ ಮಾರಿ ನೋಡಿ ಅದೇ ನೆನಪಾತು.”

ಆತನ ಮುಖದ ಮೇಲೆ ಏನಾದರೂ ಗುರುತಿತ್ತೇ ಎಂದಳು. ಕುರಿ ಕಾಯುವಾಗ ಎಡ ಹುಬ್ಬನ್ನು ತೋಳ ಪರಚಿತ್ತೆಂದು ಬಾಳಪ್ಪ ಕೇಳಿದ್ದ. ಪ್ರಾಜಕ್ತಾ ಮುಖದ ಮೇಲಿನ ಹೂವೆಲ್ಲ ಸರಿಸಿದಳು. ಎಡ ಹುಬ್ಬು ನಡುವೆ ಸೀಳಿತ್ತು.

“ಹೆಸರು?”

“ಮಾಯಪ್ಪ.”

ಸಾವಿನ ಮನೆಯೆಂಬುದನ್ನೂ ಮರೆತು ಅವಳು ನಕ್ಕಳು, ಅತ್ತಳು, ಲಂಡನ್ನಿಗೆ ಫೋನು ಹಚ್ಚಿದಳು. ಪ್ಲಾಸ್ಟರಿನ ಹುಚ್ಚೆಂದು ಅಕ್ಕನನ್ನು ನಿನ್ನೆ ಮೊನ್ನೆಯವರೆಗೂ ಆಡಿಕೊಳ್ಳುತ್ತಿದ್ದ ಗುರುಬಸಪ್ಪ ಈಗ ಆಕೆಯ ಕಿವಿಗೆ ಬಾಯಿಟ್ಟ.

“ಅಕ್ಕಾ, ಸಿಕ್ಕಾನ. ಮಾಯಪ್ಪ ಅಂತ.”

ಭಜನೆಯವರು ತಾಳ ಜೋರು ಮಾಡಿದರು. ಬಾಯಿಯವರನ್ನು ಕೂಡಿಸಿದ್ದ ವಿಮಾನ ಎತ್ತಲು ಎಲ್ಲರೂ ಮುಂದೆ ನುಗ್ಗಿದರು. ಬಾಳಪ್ಪ ಒಬ್ಬನೇ ಹಿಂದುಳಿದು, ಹೆಗಲ ಟವೆಲಿನ ತುದಿಯನ್ನು ಹೊಸೆದು, ಪ್ಲಾಸ್ಟರ್ ಮೂಗಿನ ಹೊಳ್ಳೆಗಳಲ್ಲಿ ಉದುರಿದ್ದ ವಿಭೂತಿಯನ್ನು ಮೆಲ್ಲಗೆ ತೆಗೆಯುತ್ತಿದ್ದ.