ಮಾಸ್ತಪ್ಪನ ಕೈಮಾತು

ಚೌಡಪ್ಪ ಹೆಣದ ಕೈಬೆರಳಿಗೆ ಸುತ್ತಿದ ದಾರವನ್ನು ಹುಚ್ಚಮ್ಮ ಮೂರನೆಯ ಸಲ ಕಿತ್ತೆಸೆದಳು.

"ಹಿಡ್ಕಳ್ರೇ ಇವ್ಳನ್ನ! ಹೊತ್ತು ಏರ್ತಾ ಐತೆ," ಎಂದು ಚೌಡಪ್ಪ ಹೆಂಗಸರ ಮೇಲೆ ರೇಗಿದ. ಹುಚ್ಚಮ್ಮ ಅವನ ಒಡಹುಟ್ಟಿದ ಅಕ್ಕ. ಸತ್ತು ಮಲಗಿದ್ದ ಮಾಸ್ತಪ್ಪ ಅವಳ ಒಬ್ಬನೇ ಮಗ.

ಕಾಲಿನ ಹೆಬ್ಬೆರಳುಗಳನ್ನು ಕಟ್ಟುವಾಗ ಮುದುಕಿ ಸುಮ್ಮನಿದ್ದಳು. ಕೈಗೆ ಬಂದಾಗ ಮಾತ್ರ ಮೈಮೇಲೆ ದೇವರು ಬಂದವಳ ಹಾಗೆ ಎರಗಿದ್ದಳು. ಹುಟ್ಟುಕಿವುಡಿ, ಬಾಯಲ್ಲಿ ಮಾತಿಲ್ಲ. ಗಂಟಲಿನಿಂದ ಒರಟು ದನಿಯೊಂದು ಹೊರಡುತ್ತಿತ್ತು, ಕೈಗಳು ಗಾಳಿಯಲ್ಲಿ ಏನನ್ನೋ ಹೇಳಿ ಹೇಳಿ ಸೋಲುತ್ತಿದ್ದವು. ಆ ಕೈಮಾತು ತಿಳಿಯುತ್ತಿದ್ದವನು ಇಡೀ ಕುಬಟೂರಿನಲ್ಲಿ ಮಾಸ್ತಪ್ಪ ಒಬ್ಬನೇ.

"ಏನಂತಾಳೆ ನೋಡೇ ವರದಮ್ಮ," ಎಂದ ಚೌಡಪ್ಪ, ಮಾಸ್ತಪ್ಪನ ಹೆಂಡತಿಗೆ.

"ನಂಗೆ ಊಟ, ನೀರು, ದನ, ಇಷ್ಟೇ ಗೊತ್ತಾಗೋದು ಮಾವ. ಉಳಿದಿದ್ದೆಲ್ಲ ಅವ್ರೇ ಹೇಳ್ತಿದ್ರು," ಎಂದು ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಕೈ ಕಟ್ಟದೆ ಕಳ್ಸಾಕಾಗ್ತದಾ? ದೇವರ ಮುಂದೆ ಕೈಮುಗಿದು ನಿಲ್ಬೇಕಲ್ಲ ಮನುಷ್ಯ?"

ಇಬ್ಬರು ಹೆಂಗಸರು ಹುಚ್ಚಮ್ಮನ ರಟ್ಟೆ ಹಿಡಿದರು. ಅಷ್ಟರಲ್ಲಿ ಬಸ್ಸಿಳಿದು ಒಬ್ಬ ತರುಣ ಅಂಗಳಕ್ಕೆ ಬಂದ. ವರದಮ್ಮ ಬೆಳಗಿನ ಬಸ್ಸಿನ ಕಂಡಕ್ಟರನ ಕೈಲಿ ಶಿಕಾರಿಪುರಕ್ಕೆ ಸುದ್ದಿ ಕಳಿಸಿದ್ದು ಇವನಿಗೇ. ಗಂಡ ಪ್ರತಿ ಶನಿವಾರ ಈ ಗುರುಮಲ್ಲಪ್ಪನ ಮನೆಗೆ ಹೋಗಿಯೇ ಊರಿಗೆ ಬರುತ್ತಿದ್ದ ಎಂಬುದಷ್ಟೇ ಅವಳಿಗೆ ಗೊತ್ತಿತ್ತು. ಅವನು ಹೆಣದ ಮುಖ ನೋಡಿದ, ಕಣ್ಣೊರೆಸಿಕೊಂಡ. ಆಮೇಲೆ ಮುದುಕಿಯ ಕಡೆ ತಿರುಗಿ ಎರಡೂ ಕೈ ಎತ್ತಿ ಏನೋ ಕೇಳಿದ.

ಹುಚ್ಚಮ್ಮ ಕೂಗುವುದನ್ನು ನಿಲ್ಲಿಸಿದಳು.

* * *

ಊರಿನವರ ಲೆಕ್ಕದಲ್ಲಿ ಮಾಸ್ತಪ್ಪ ಶಿವಮೊಗ್ಗದ ಕಾಲೇಜೊಂದರಲ್ಲಿ ಗಂಟೆ ಹೊಡೆಯುವ ಜವಾನ. ಸುಳ್ಳೇನಲ್ಲ. ನಾಲ್ಕನೆಯ ಕ್ಲಾಸಿಗೇ ಶಾಲೆಗೆ ಶರಣು ಹೊಡೆದವನಿಗೆ ಇನ್ಯಾವ ಕುರ್ಚಿ ಕೊಟ್ಟಾರು? ಆದರೆ ಮೂರು ವರ್ಷದ ಹಿಂದೆ, ಐವತ್ತಾರನೆಯ ಇಸವಿಯಲ್ಲಿ, ಗುರುಮಲ್ಲಪ್ಪ ಅಲ್ಲಿ ಬಿ.ಎಸ್ಸಿ.ಗೆ ಸೇರಿದ. ಹತ್ತನೆಯ ವಯಸ್ಸಿನಲ್ಲಿ ಜ್ವರಕ್ಕೆ ಕಿವಿ ಕಳೆದುಕೊಂಡವನು. ಹುಡುಗರು ನಗುತ್ತಾರೆಂದು ಮಾತನ್ನೂ ಬಿಟ್ಟಿದ್ದ. ಪಾಠ ಒಂದಕ್ಷರ ತಿಳಿಯದೆ, ಎರಡನೆಯ ವಾರ ಟ್ರಂಕು ಹೊತ್ತು ಹೊರಟವನನ್ನು ಮಾಸ್ತಪ್ಪ ಗೇಟಿನಲ್ಲೇ ತಡೆದ. ಅಂದಿನಿಂದ ದಿನಾ ಸಂಜೆ ತನ್ನ ತಾಯಿಯ ಕೈಮಾತನ್ನು ಅವನಿಗೆ ಕಲಿಸಿದ. ಅದು ಕೈಗೆ ಹತ್ತಿದ ಮೇಲೆ, ಗಂಟೆ ಹೊಡೆದು ಬಂದು ಬೋರ್ಡಿನ ಪಕ್ಕ ನಿಂತು ಪಾಠವನ್ನೆಲ್ಲ ಕೈಯಲ್ಲಿ ಹೇಳತೊಡಗಿದ.

ತನಗೇ ತಿಳಿಯದ್ದನ್ನು ಹೇಳುವುದು ಹೇಗೆ? ಸಸ್ಯಶಾಸ್ತ್ರದ ಮೇಷ್ಟರ ಬೆನ್ನು ಹತ್ತುತ್ತಿದ್ದ.

"ಸಾರ್, ಎಲೆ ಬಿಸಿಲಲ್ಲಿ ಅಡುಗೆ ಮಾಡ್ಕಳ್ತದೆ ಅಂದ್ರಿ. ಒಲೆ ಎಲ್ಲಿರ್ತದೆ?"

ಮೇಷ್ಟರು ನಕ್ಕರು. ಆಮೇಲೆ ಒಂದು ಗಂಟೆ ಕೂತು ಹೇಳಿಕೊಟ್ಟರು.

ಮರುದಿನ ಮಾಸ್ತಪ್ಪ ಎಡಗೈಯನ್ನು ಎಲೆ ಮಾಡಿ ಹರಡಿದ. ಬಲಗೈ ಬೆರಳುಗಳಿಂದ ಅದರ ಮೇಲೆ ಬಿಸಿಲು ಸುರಿಸಿದ. ಅಂಗೈ ನಡುವೆ, ತಾಯಿ ಗಂಜಿ ತಿರುವುವ ಹಾಗೆ, ಒಂದು ಬೆರಳನ್ನು ಮೆಲ್ಲನೆ ತಿರುವಿದ. ಕಿವಿಯಿದ್ದ ಹುಡುಗರೂ ಪೆನ್ನು ಕೆಳಗಿಟ್ಟು ನೋಡಿದರು. ಮೇಷ್ಟರು ಸೀಮೆಸುಣ್ಣ ಹಿಡಿದು ಹಾಗೇ ನಿಂತುಬಿಟ್ಟರು.

ಕೈಗೆ ಸಿಕ್ಕದ ಮಾತುಗಳನ್ನು ಅವನು ಶನಿವಾರ ತಾಯಿಯ ಹತ್ತಿರ ತರುತ್ತಿದ್ದ. ಬೀಜವೊಂದನ್ನು ಬಿಡಿಸಿ ತೋರಿಸಿದರೆ ಹುಚ್ಚಮ್ಮ ಬಹಳ ಹೊತ್ತು ನೋಡಿ, ಯೋಚಿಸಿ, ಒಂದು ಹೊಸ ಸನ್ನೆ ಕಟ್ಟುತ್ತಿದ್ದಳು. "ತಾಯಿ ಮಗ ಸೊಳ್ಳೆ ಹೊಡೀತಾ ಕೂತಾರೆ," ಎಂದು ದಾರಿಯಲ್ಲಿ ಹೋಗುವವರು ನಗುತ್ತಿದ್ದರು. ಆಗ ಬಿ.ಎಸ್ಸಿ. ಎರಡೇ ವರ್ಷದ್ದು; ಗುರುಮಲ್ಲಪ್ಪ ಪಾಸಾದ.

* * *

ಹೆಂಗಸರು ಹಿಡಿತ ಬಿಟ್ಟಿದ್ದರು. ಹುಚ್ಚಮ್ಮ ಗುರುಮಲ್ಲಪ್ಪನ ಮಣಿಕಟ್ಟು ಹಿಡಿದು, ಅವನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅವು ಆಡಿದ್ದು ತನ್ನದೇ ಮಾತು. ಮತ್ತೆ ಅವಳ ಕೈಗಳು ಎದ್ದವು, ಈ ಸಲ ನಿಧಾನವಾಗಿ. ಅವನು ಪೂರ್ತಿ ನೋಡಿ, ಜೇಬಿನಿಂದ ಪೆನ್ನು ತೆಗೆದು ಚೀಟಿಯಲ್ಲಿ ಬರೆದು, ಊರಿನ ಶಾಲೆಯ ರಾಜಪ್ಪ ಮೇಷ್ಟರಿಗೆ ಕೊಟ್ಟ.

ಮೇಷ್ಟರು ಗಟ್ಟಿಯಾಗಿ ಓದಿದರು: "ಕಾಲು ಕಟ್ಟಿ, ಬೇಡ ಅನ್ನುವುದಿಲ್ಲ. ಕೈ ಕಟ್ಟಿದರೆ ನನ್ನ ಮಗ ಅಲ್ಲಿ ಮಾತಾಡುವುದು ಹೇಗೆ ಎಂದು ಅಮ್ಮ ಕೇಳುತ್ತಿದ್ದಾರೆ."



"ಇಂಥಾ ಮಾತೆಲ್ಲ ಆಡ್ತಾಳಾ ಇವ್ಳು?" ಚೌಡಪ್ಪ ಅಕ್ಕನ ಕಡೆ ತಿರುಗಿದ. "ಅರವತ್ತೈದು ವರ್ಷ ಜೊತೇಲಿದ್ದೀನಲ್ರೀ ನಾನು."

ಅವನ ಮುಖ ನೋಡಿ ಗುರುಮಲ್ಲಪ್ಪ ಇನ್ನೊಂದು ಸಾಲು ಬರೆದ. ಮೇಷ್ಟರು ಅದನ್ನೂ ಓದಿದರು: "ನಾನು ಬಿ.ಎಸ್ಸಿ. ಓದಿದ್ದು ಈ ತಾಯಿಯ ಮಾತಿನಲ್ಲಿ."

ಜನ ಹುಚ್ಚಮ್ಮನನ್ನು ಆಗ ತಾನೇ ಊರಿಗೆ ಬಂದವಳನ್ನು ನೋಡುವಂತೆ ನೋಡಿದರು. ಚೌಡಪ್ಪ ಕೈಲಿದ್ದ ದಾರ ಬಿಸಾಡಿದ. "ಹಂಗೇ ಹೋಗ್ಲಿ ಬಿಡ್ರಿ. ಅಕ್ಕಿ ತರ್ರಿ," ಎಂದ.

ಹೆಣದ ಬಾಯಿಗೆ ಅಕ್ಕಿ ಹಾಕುವುದು ತಾಯಿಯಿಂದಲೇ ಶುರುವಾಗಬೇಕು. ಹುಚ್ಚಮ್ಮ ಹಿಡಿ ಅಕ್ಕಿ ತೆಗೆದುಕೊಂಡಳು. ಬಾಯಿಯ ಕಡೆ ನೋಡಲೂ ಇಲ್ಲ. ಮಗನ ಬಲಗೈ ಬಿಡಿಸಿ, ಅಂಗೈಯೊಳಗೆ ಹಾಕಿದಳು.

ಮುಂದಿನ ಸರದಿ ಚೌಡಪ್ಪನದು. ರೂಢಿಯಂತೆ ಬಾಯಿಯವರೆಗೆ ಹೋದ ಅವನ ಕೈ ಅಲ್ಲೇ ನಿಂತಿತು. ಅವನು ಬಗ್ಗಿ, ಅಂಗೈಗೇ ಅಕ್ಕಿ ಹಾಕಿದ. ಆಮೇಲೆ ವರದಮ್ಮ, ಗುರುಮಲ್ಲಪ್ಪ, ಮೇಷ್ಟರು. ಅವರ ಹಿಂದೆ ನಿಂತವರೂ ಯಾರನ್ನೂ ಕೇಳದೆ ಹಾಗೆಯೇ ಹಾಕಿದರು. ಅಕ್ಕಿ ಅಂಗೈ ತುಂಬಿ, ಬಿಚ್ಚಿದ ಬೆರಳುಗಳ ಸಂದಿಯಿಂದ ಚಾಪೆಯ ಮೇಲೆ ಸುರಿಯಿತು.